ಟೆನ್ಷನ್ ಬಿಡಿ ಅಂತಾರೆ, ಬಿಡೋದು ಹೇಗೆ?

ಪ್ರಶ್ನೆ: ನನಗೆ 44 ವರ್ಷ. ಊರು ದಾವಣಗೆರೆ. ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸ. ಅತ್ತೆಗೆ 78, ಮೂರು ವರ್ಷದಿಂದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಹಗಲು ಒಬ್ಬ ಹೆಂಗಸು ಬಂದು ನೋಡಿಕೊಳ್ಳುತ್ತಾರೆ, ಸಂಜೆ ಆರರಿಂದ ಬೆಳಗಿನವರೆಗೆ ನಾನೇ. ಯಜಮಾನರು ಕೆಲಸದ ಮೇಲೆ ವಾರದಲ್ಲಿ ನಾಲ್ಕು ದಿನ ಹೊರಗೆ. ಮಗಳು ಎರಡನೇ ಪಿಯುಸಿ. ಮೈದುನ ಬೆಂಗಳೂರಿನಲ್ಲಿ, ನಾದಿನಿ ಶಿವಮೊಗ್ಗದಲ್ಲಿ. ಇಬ್ಬರೂ ಫೋನ್ ಮಾಡಿ ವಿಚಾರಿಸುತ್ತಾರೆ. ಒಂದು ವರ್ಷದಿಂದ ನನ್ನ ಕುತ್ತಿಗೆ, ಭುಜ ಕಲ್ಲಿನ ಹಾಗೆ ಬಿಗಿ. ಉಂಡರೆ ಎದೆಯುರಿ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮೊನ್ನೆ ಅತ್ತೆ, ನಾನು ಅವರ ಬಳೆ ಕದ್ದೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಆ ಸಿಟ್ಟು ಮಗಳ ಮೇಲೆ ತೀರಿಸಿ, ಆಮೇಲೆ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಇಸಿಜಿ, ಎಂಡೋಸ್ಕೋಪಿ, ಥೈರಾಯ್ಡ್, ರಕ್ತ ಎಲ್ಲವೂ ನಾರ್ಮಲ್. "ನಿಮಗೇನೂ ಇಲ್ಲಮ್ಮ, ಟೆನ್ಷನ್ ಬಿಡಿ" ಅಂದರು ಡಾಕ್ಟರು. ಧ್ಯಾನದ ಆ್ಯಪ್ ಹಾಕಿಕೊಂಡೆ, ಕಣ್ಣು ಮುಚ್ಚಿದರೆ ಯೋಚನೆ ಇನ್ನೂ ಜಾಸ್ತಿ. ಧ್ಯಾನ ಮಾಡೋಕೂ ಬರಲ್ಲ ನನಗೆ. ಐದು ತಿಂಗಳಿಂದ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಆಲ್‌ಪ್ರಜೋಲಾಮ್ ಅರ್ಧ ಮಾತ್ರೆ ರಾತ್ರಿ ತೆಗೆದುಕೊಳ್ಳುತ್ತಿದ್ದೇನೆ. ಇದು ಕಾಯಿಲೆಯೋ, ನನ್ನ ಮನಸ್ಸು ಗಟ್ಟಿ ಇಲ್ಲವೋ? ಟೆನ್ಷನ್ ಬಿಡೋದು ಅಂದರೆ ನಿಜವಾಗಿ ಏನು ಮಾಡಬೇಕು?

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ. ಉಳಿದದ್ದು ಒಂದೆರಡು ದಿನ ಕಾಯಬಹುದು, ಇದು ಕಾಯಬಾರದು.

ಈ ಉತ್ತರ ಓದಿ ಇವತ್ತು ರಾತ್ರಿಯೇ ಮಾತ್ರೆ ನಿಲ್ಲಿಸಬೇಡಿ. ಆಲ್‌ಪ್ರಜೋಲಾಮ್ ಬೆಂಜೋಡಯಾಜಪೀನ್ ಎಂಬ ಗುಂಪಿನ ಔಷಧಿ. ಕೆಲವು ವಾರ ದಿನವೂ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಥಟ್ಟನೆ ಬಿಟ್ಟರೆ ಇದ್ದ ನಿದ್ದೆಯೂ ಹಾರಿಹೋಗಬಹುದು, ಕೈ ನಡುಗಬಹುದು, ಗಾಬರಿ ಹೆಚ್ಚಬಹುದು. ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳುವವರಿಗೆ ಫಿಟ್ಸ್ ಕೂಡ ಬರಬಹುದು. ಆಗ ಜನ "ನೋಡಿ, ಮಾತ್ರೆ ಇಲ್ಲದಿದ್ದರೆ ನನ್ನ ಕೈಲಾಗಲ್ಲ" ಅಂದುಕೊಂಡು ಮತ್ತೆ ಶುರು ಮಾಡುತ್ತಾರೆ. ಅದು ಅವರ ಮನಸ್ಸಿನ ತಪ್ಪಲ್ಲ, ಮಾತ್ರೆ ಬಿಡಿಸಿದ ರೀತಿಯ ತಪ್ಪು. ಒಬ್ಬ ಮನೋವೈದ್ಯರಿಗೆ ತೋರಿಸಿ, ಐದು ತಿಂಗಳ ಕಥೆ ಮುಚ್ಚಿಡದೆ ಹೇಳಿ. ಅವರು ವಾರಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಸುತ್ತಾರೆ. ಈ ಮಾತ್ರೆ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ, ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಇನ್ನೊಂದು ಮಾತು. ಅತ್ತೆಯವರು ರಾತ್ರಿ ಎದ್ದು ಓಡಾಡುತ್ತಾರೆ ಅಂತ ಅವರಿಗೂ ಒಂದು ತುಂಡು ಕೊಡುವ ಯೋಚನೆ ಬಂದಿದ್ದರೆ, ದಯವಿಟ್ಟು ಬೇಡ. ವಯಸ್ಸಾದವರಿಗೆ, ಅದರಲ್ಲೂ ಮರೆವಿನ ಕಾಯಿಲೆ ಇರುವವರಿಗೆ, ಇದರಿಂದ ಗಲಿಬಿಲಿ ಹೆಚ್ಚುತ್ತದೆ, ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಇರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮನಸ್ಸು ಗಟ್ಟಿ ಇಲ್ಲವೋ ಅಂತ ಕೇಳಿದ್ದೀರಿ. ಮೂರು ವರ್ಷ ಹಗಲು ಆಫೀಸು, ರಾತ್ರಿ ಅತ್ತೆಯ ಸೇವೆ ಎರಡೂ ಮಾಡಿದ್ದೀರಿ. ಇನ್ನೆಷ್ಟು ಗಟ್ಟಿ ಬೇಕು?

"ನಿಮಗೇನೂ ಇಲ್ಲ" ಅನ್ನುವ ಮಾತೇ ನನಗೆ ಒಪ್ಪಿಗೆ ಇಲ್ಲ. ಎಂಡೋಸ್ಕೋಪಿ ನಾರ್ಮಲ್ ಅಂದರೆ ಹೊಟ್ಟೆಯಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ ಅಂತ ಅರ್ಥ. ಅದು ಖುಷಿಯ ವಿಷಯವೇ. ಆದರೆ ಆ ಹೊಟ್ಟೆ ಹೇಗೆ ಕೆಲಸ ಮಾಡುತ್ತಿದೆ ಅಂತ ಆ ಪರೀಕ್ಷೆ ಹೇಳುವುದಿಲ್ಲ. 1890ರ ದಶಕದ ಕೊನೆಯಲ್ಲಿ, ಎಕ್ಸ್-ರೇ ಆಗಷ್ಟೇ ಬಂದಿದ್ದ ಕಾಲ, ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವಿದ್ಯಾರ್ಥಿ ಬೆಕ್ಕುಗಳಿಗೆ ಆಹಾರ ತಿನ್ನಿಸಿ, ಅವುಗಳ ಜಠರ ಹೇಗೆ ಅಲುಗಾಡುತ್ತದೆ ಅಂತ ಎಕ್ಸ್-ರೇಯಲ್ಲಿ ನೋಡುತ್ತಿದ್ದರು. ಬೆಕ್ಕು ಆರಾಮಾಗಿದ್ದರೆ ಜಠರ ಅಲೆಯಲೆಯಾಗಿ ಅರೆಯುತ್ತಿತ್ತು. ಬೆಕ್ಕಿಗೆ ಗಾಬರಿಯಾದರೆ ಸಾಕು, ಆ ಅಲೆಗಳು ನಿಂತೇಹೋಗುತ್ತಿದ್ದವು. ಸಮಾಧಾನವಾದ ಮೇಲೆ ಮತ್ತೆ ಶುರು. ಹೊಟ್ಟೆಗೆ ಗಾಯವೂ ಇಲ್ಲ, ಕಾಯಿಲೆಯೂ ಇಲ್ಲ, ಆದರೂ ಅರೆಯುವ ಕೆಲಸ ನಿಂತಿದೆ. ಒಂದು ಕಿವಿ ಅತ್ತೆಯ ಕೋಣೆಯ ಕಡೆ ಇಟ್ಟುಕೊಂಡು ನೀವು ಉಣ್ಣುವ ಊಟ ಎದೆಯಲ್ಲೇ ನಿಂತ ಹಾಗಾದರೆ ಆಶ್ಚರ್ಯ ಏನು? ಕ್ಯಾನನ್ ಮುಂದೆ ದೇಹದ ಈ ತಯಾರಿಯನ್ನು ಹೋರಾಡು ಇಲ್ಲವೇ ಓಡು ಎಂಬ ಅರ್ಥದ ಮಾತಿನಿಂದ ಕರೆದರು. ಅದು ಇವತ್ತಿಗೂ ಪಾಠದಲ್ಲಿದೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ಎದೆ ಡವಡವ ಅಂತು, ಕೈಕಾಲು ತಣ್ಣಗಾಯಿತು, ಹೊಟ್ಟೆ ತೊಳಸಿತು, ಕರುಳು ಚುರುಕ್ ಅಂತು ಅಂತೀವಿ. ಕರಾವಳಿಯವರು ತಲೆಬಿಸಿ ಅಂತಾರೆ. ಒಂದೂ ಬರೀ ಮನಸ್ಸಿನ ಮಾತಲ್ಲ, ಎಲ್ಲ ಮೈಯಲ್ಲೇ ಆಗುವಂಥದ್ದು.

ಆಗುವುದು ಹೀಗೆ. ರಾತ್ರಿ ಓಣಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂತು ಅಂದುಕೊಳ್ಳಿ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಮೆದುಳಿನಿಂದ ಆಜ್ಞೆ ಹೋಗುತ್ತದೆ. ಕ್ಷಣದಲ್ಲಿ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಎದೆಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಉಸಿರು ಚಿಕ್ಕದಾಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಬಂದು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ಓಡಲು ಇಂಧನ ಬೇಕಲ್ವಾ. ನೀವು ಓಡುತ್ತೀರಿ, ಗೇಟು ಹಾಕಿಕೊಳ್ಳುತ್ತೀರಿ. ನಾಯಿ ಹೋಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎಲ್ಲ ತಣ್ಣಗಾಗುತ್ತದೆ. ಈ ಒತ್ತಡ ಕೆಟ್ಟದ್ದಲ್ಲ, ನಿಮ್ಮನ್ನು ಕಾಪಾಡಿದ್ದೇ ಅದು.

ನಿಮ್ಮ ಮನೆಯಲ್ಲಿ ನಾಯಿ ಹೋಗುವುದೇ ಇಲ್ಲ. ಅಷ್ಟೇ ವ್ಯತ್ಯಾಸ. ಸಂಜೆ ಆರಕ್ಕೆ ಬಾಗಿಲು ತೆಗೆದಾಗ ಶುರುವಾದ ತಯಾರಿ ಮರುದಿನ ಆಫೀಸಿನ ಬಾಗಿಲವರೆಗೆ ನಿಲ್ಲುವುದಿಲ್ಲ. ಓಡಲಿಕ್ಕೆ ಬಿಗಿದ ಭುಜ ಓಡಲೇ ಇಲ್ಲ, ಹಾಗಾಗಿ ಬಿಗಿದೇ ಉಳಿಯಿತು.

ಹೀಗೆ ತಿಂಗಳುಗಟ್ಟಲೆ ಆದರೆ ಏನಾಗುತ್ತದೆ ಅಂತ ಮೊದಲು ಬಿಡಿಸಿ ತೋರಿಸಿದವರು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ. ಅವರು ಹುಡುಕುತ್ತಿದ್ದದ್ದು ಹೊಸ ಹಾರ್ಮೋನು. ಇಲಿಗಳಿಗೆ ಏನು ಚುಚ್ಚಿದರೂ ಮೂರೇ ಬದಲಾವಣೆ ಕಂಡವು. ಅಡ್ರಿನಲ್ ಗ್ರಂಥಿ ಊದಿತ್ತು, ರೋಗ ತಡೆಯುವ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣಾಗಿತ್ತು. ಚಳಿಯಲ್ಲಿಟ್ಟರೂ ಅಷ್ಟೇ, ಅತಿಯಾಗಿ ಓಡಿಸಿದರೂ ಅಷ್ಟೇ. 1936ರಲ್ಲಿ ಒಂದು ಸಣ್ಣ ಲೇಖನದಲ್ಲಿ ಅದನ್ನು ಪ್ರಕಟಿಸಿದರು. ಮೊದಲು ದೇಹ ಬೆಚ್ಚುತ್ತದೆ, ಆಮೇಲೆ ಎದುರಿಸಿ ನಿಲ್ಲುತ್ತದೆ, ಬಿಡುವೇ ಸಿಗದಿದ್ದರೆ ಸೋಲುತ್ತದೆ ಅಂದರು. ಮುಂದಿನ ಸಂಶೋಧನೆಗಳಲ್ಲಿ ಅವರ ಲೆಕ್ಕ ಎಷ್ಟೋ ತಿದ್ದುಪಡಿ ಕಂಡಿತು. ಬಿಡುವಿನ ಮಾತು ಮಾತ್ರ ಹಾಗೇ ಉಳಿದಿದೆ.

ನಿಮ್ಮಂಥವರ ಮೇಲೇ ನಡೆದ ಒಂದು ಅಧ್ಯಯನವನ್ನೂ ಹೇಳಬೇಕು. 1995ರಲ್ಲಿ ಅಮೆರಿಕದ ಒಹಾಯೋದ ಸಂಶೋಧಕರು, ಮನೆಯಲ್ಲಿ ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನೂ, ಆ ಹೊರೆ ಇಲ್ಲದ ಅದೇ ವಯಸ್ಸಿನ 13 ಹೆಂಗಸರನ್ನೂ ಆರಿಸಿಕೊಂಡರು. ಪ್ರತಿಯೊಬ್ಬರ ತೋಳಿನಲ್ಲಿ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದು ಮಾಯುವುದಕ್ಕೆ ಎಷ್ಟು ದಿನ ಬೇಕು ಅಂತ ನೋಡಿದರು. ಸೇವೆ ಮಾಡುತ್ತಿದ್ದವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಜಾಸ್ತಿ ಹಿಡಿಯಿತು. ಸಣ್ಣ ಅಧ್ಯಯನ, ನಿಜ. ಆದರೆ ನಾನು "ಏನೂ ಇಲ್ಲ" ಅನ್ನುವ ಮಾತನ್ನು ರೋಗಿಗಳಿಗೆ ಹೇಳುವುದು ಬಿಟ್ಟದ್ದು ಇಂಥದ್ದನ್ನು ಓದಿದ ಮೇಲೆ. ಯೋಚನೆ ತಲೆಯಲ್ಲಿ ಮಾತ್ರ ಇದ್ದಿದ್ದರೆ ತೋಳಿನ ಗಾಯಕ್ಕೆ ಹೇಗೆ ಗೊತ್ತಾಗುತ್ತಿತ್ತು?

ಆದ್ದರಿಂದ "ಟೆನ್ಷನ್ ಬಿಡಿ" ಅನ್ನುವುದು ಯಾರ ಕೈಲೂ ಆಗದ ಮಾತು. ಅದೇನು ಕೈಯಲ್ಲಿ ಹಿಡಿದುಕೊಂಡ ಚೀಲವೇ, ಕೆಳಗೆ ಇಡಲಿಕ್ಕೆ? ನಿಮ್ಮ ದೇಹ ಎದುರಿಗಿರುವ ಹೊರೆಗೆ ಸರಿಯಾಗಿಯೇ ಉತ್ತರ ಕೊಡುತ್ತಿದೆ. ಮಾಡಬಹುದಾದದ್ದು ಎರಡು. ದಿನದಲ್ಲಿ ಅಲ್ಲಲ್ಲಿ ದೇಹಕ್ಕೆ ನಾಯಿ ಹೋಯಿತು ಎಂಬ ಸುದ್ದಿ ಮುಟ್ಟಿಸುವುದು. ಮತ್ತೆ, ಹೊರೆಯಲ್ಲಿ ಒಂದು ಪಾಲನ್ನು ನಿಜವಾಗಿಯೂ ಬೇರೆಯವರ ಹೆಗಲಿಗೆ ದಾಟಿಸುವುದು. ಎರಡನೆಯದನ್ನು ಮಾಡದೆ ಮೊದಲನೆಯದನ್ನು ಮಾತ್ರ ಹೇಳುವುದು ಅನ್ಯಾಯ ಅಂತ ನಾನು ನಂಬಿದ್ದೇನೆ. ಉಸಿರಾಟದ ಪಾಠವೇ ನಿಮ್ಮ ತಲೆ ಮೇಲೆ ಇನ್ನೊಂದು ಕೆಲಸ ಆಗಿಬಿಡುತ್ತದೆ. ಧ್ಯಾನದ ಆ್ಯಪ್ ನಿಮಗೆ ಹಾಗೇ ಆಯಿತು.

ಧ್ಯಾನ ಬರಲಿಲ್ಲ ಅಂತ ಬೇಜಾರು ಬೇಡ. ಓಡಲು ತಯಾರಾದ ಮೈಯನ್ನು ಕಣ್ಣು ಮುಚ್ಚಿ ಕೂರಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆ, ಒಳಗಿನದು ಜೋರಾಗಿ ಕೇಳುತ್ತದೆ. ಶುರುವಿನಲ್ಲಿ ಎಷ್ಟೋ ಜನಕ್ಕೆ ಹೀಗೇ ಆಗುತ್ತದೆ. ನಿಮಗೆ ಸದ್ಯ ಬೇಕಾದದ್ದು ನಡಿಗೆ. ಸಂಜೆ ಆಫೀಸಿನಿಂದ ಬರುವಾಗ ನೇರ ಮನೆಯೊಳಗೆ ಹೋಗಬೇಡಿ. ಗಾಡಿ ನಿಲ್ಲಿಸಿ, ಇನ್ನೊಂದು ರಸ್ತೆ ಸುತ್ತಿ, ಹತ್ತು ಹದಿನೈದು ನಿಮಿಷ ಬಿರಬಿರನೆ ನಡೆಯಿರಿ. ಹಗಲು ನೋಡಿಕೊಳ್ಳುವವರಿಗೆ ಕಾಲು ಗಂಟೆ ಜಾಸ್ತಿ ಇರಲು ಹೇಳಿ, ಅದಕ್ಕೆ ದುಡ್ಡು ಕೊಡಿ. ಆ ದುಡ್ಡು ನಿಮ್ಮ ಔಷಧಿಯ ಖರ್ಚು ಅಂತಲೇ ಲೆಕ್ಕ ಬರೆಯಿರಿ. ಆಫೀಸಿನ ಬಿಗಿತ ಮನೆಯ ಬಿಗಿತದ ಮೇಲೆ ಹೋಗಿ ಕೂರುವುದು ಆ ಹೊಸ್ತಿಲಲ್ಲೇ. ಅಲ್ಲಿ ಒಂದು ಸಲ ಇಳಿಸಿಕೊಂಡರೆ ರಾತ್ರಿಗೆ ಅಷ್ಟು ಕಡಿಮೆ. ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಆ ಅಂಕಿ ಸದ್ಯ ಮರೆತುಬಿಡಿ. ಹತ್ತು ನಿಮಿಷ ಸಾಕು.

ಉಸಿರಿನದ್ದೂ ಒಂದು ವಿದ್ಯೆ ಇದೆ. ಕೂತೇ ಮಾಡಬೇಕಿಲ್ಲ, ಗ್ಯಾಸಿನ ಮುಂದೆ ನಿಂತೂ ಮಾಡಬಹುದು. ನಾವು ಉಸಿರು ಒಳಗೆ ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮೆದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಇಳಿದು ಬರುವ ವೇಗಸ್ ಎಂಬ ನರ ಉಸಿರು ಬಿಡುವ ಹೊತ್ತಿನಲ್ಲಿ ಹೃದಯಕ್ಕೆ ಹೆಚ್ಚು ಕಡಿವಾಣ ಹಾಕುತ್ತದೆ. ಹಾಗಾಗಿ ಬಿಡುವ ಉಸಿರು ಉದ್ದ ಇರಬೇಕು. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಮೂಗಿನಿಂದ ಎಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಐದು ನಿಮಿಷ ಮಾಡಿ, ಸಾರು ಕುದಿಯುವಷ್ಟು ಹೊತ್ತು. ತಲೆ ಹಗುರಾಗಿ ಸುತ್ತಿದ ಹಾಗಾದರೆ ನಿಲ್ಲಿಸಿ, ಜೋರಾಗಿ ಎಳೆಯುತ್ತಿದ್ದೀರಿ ಅಂತ ಅರ್ಥ. ಇದರಿಂದ ಯೋಚನೆ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಿ.

ಕುತ್ತಿಗೆ, ಭುಜಕ್ಕೆ ಇನ್ನೊಂದು ಹಳೆಯ ಉಪಾಯ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ್ದು. ಸಡಿಲ ಬಿಡು ಅಂದರೆ ಸ್ನಾಯುವಿಗೆ ಅರ್ಥವಾಗುವುದಿಲ್ಲ, ಮೊದಲು ಬೇಕಂತಲೇ ಬಿಗಿ ಮಾಡಿ ಆಮೇಲೆ ಬಿಟ್ಟರೆ ಅರ್ಥವಾಗುತ್ತದೆ. ಭುಜ ಎರಡೂ ಕಿವಿಯವರೆಗೆ ಎತ್ತಿ, ಐದು ಎಣಿಸಿ, ಥಪ್ ಅಂತ ಬಿಡಿ. ಮುಷ್ಟಿ ಬಿಗಿ ಹಿಡಿದು ಬಿಡಿ. ಹಲ್ಲು ಕಚ್ಚಿಕೊಂಡೇ ಇರುವ ಅಭ್ಯಾಸವೂ ನಿಮಗಿರಬಹುದು, ಇದನ್ನು ಓದುತ್ತಿರುವಾಗಲೇ ಒಮ್ಮೆ ನೋಡಿಕೊಳ್ಳಿ. ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ.

ಮೂರು ಗಂಟೆಯ ಎಚ್ಚರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರಾ ಕಡಿಮೆ ಇದ್ದು, ಆಮೇಲೆ ಬೆಳಗಿನ ಕಡೆಗೆ ಏರುತ್ತ ಹೋಗುತ್ತದೆ, ಎದ್ದ ಅರ್ಧ ಮುಕ್ಕಾಲು ಗಂಟೆಗೆ ತುದಿ ಮುಟ್ಟುತ್ತದೆ. ರಾತ್ರಿಯ ಎರಡನೇ ಭಾಗದ ನಿದ್ದೆಯೂ ತೆಳುವಾದದ್ದು. ಆ ಹೊತ್ತಿಗೆ ಸಣ್ಣ ಸದ್ದಿಗೂ ಎಚ್ಚರವಾಗುವುದು ಸಹಜ. ಎಚ್ಚರವಾದ ಮೇಲೆ ನಾವು ಗಡಿಯಾರ ನೋಡುತ್ತೇವೆ, "ಅಯ್ಯೋ ಮೂರು ಗಂಟೆ, ನಾಳೆ ಆಫೀಸು" ಅಂತ ಲೆಕ್ಕ ಹಾಕುತ್ತೇವೆ. ಆ ಲೆಕ್ಕವೇ ನಿದ್ದೆಯನ್ನು ಓಡಿಸುವುದು. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿ, ಮೊಬೈಲು ಹೊರಗಿನ ಕೋಣೆಯಲ್ಲಿಡಿ. ಇಪ್ಪತ್ತು ನಿಮಿಷ ಆಯಿತೇನೋ ಅನ್ನಿಸುವಷ್ಟು ಹೊತ್ತು ಹೊರಳಾಡಿದರೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಕೂತು ಬಟ್ಟೆ ಮಡಿಸಿ, ಅವರೆಕಾಯಿ ಸುಲಿಯಿರಿ, ಕಣ್ಣು ಎಳೆದಾಗ ಹೋಗಿ ಮಲಗಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ದಿನವೂ ಒಂದೇ ಇರಲಿ. ಸಂಜೆ ಕಾಫಿ ಬಿಡಿ. ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲಿಕ್ಕೇ ಸುಮಾರು ಐದು ಗಂಟೆ ಬೇಕು. ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ನಿಮ್ಮ ಜೊತೆ ಮಲಗಿರುತ್ತದೆ.

ಆದರೆ ನಿಮ್ಮ ನಿದ್ದೆ ಕೆಟ್ಟಿರುವುದಕ್ಕೆ ಮುಖ್ಯ ಕಾರಣ ಇದೊಂದೂ ಅಲ್ಲ ಅನಿಸುತ್ತದೆ. ಅತ್ತೆ ಎದ್ದಾರೆ, ಬಿದ್ದಾರೆ ಅಂತ ನಿಮ್ಮ ಕಿವಿ ರಾತ್ರಿಯಿಡೀ ಕಾವಲು ಕೂತಿದೆ. ಕಾವಲುಗಾರನಿಗೆ ಗಾಢ ನಿದ್ದೆ ಹೇಗೆ ಬಂದೀತು? ಯಜಮಾನರು ಊರಲ್ಲಿರುವ ಮೂರು ರಾತ್ರಿಗಳಲ್ಲಿ ಕನಿಷ್ಠ ಎರಡು ರಾತ್ರಿ ಅವರು ತಾಯಿಯ ಕೋಣೆಯಲ್ಲಿ ಮಲಗಲಿ. ನೀವು ಬಾಗಿಲು ಹಾಕಿಕೊಂಡು ಇನ್ನೊಂದು ಕೋಣೆಯಲ್ಲಿ ಮಲಗಿ. ಮೊದಲ ವಾರ ಆಗಲೂ ಎಚ್ಚರವಾಗುತ್ತದೆ. ಕಾವಲು ಬದಲಾಗಿದೆ ಅಂತ ಮೈ ನಂಬಲಿಕ್ಕೆ ಸ್ವಲ್ಪ ದಿನ ಬೇಕು. ಮಾತ್ರೆ ಇಳಿಸುವ ವಾರಗಳಲ್ಲಂತೂ ಈ ಎರಡು ರಾತ್ರಿ ನಿಮಗೆ ಸಿಗಲೇಬೇಕು.

ಇನ್ನು ಬಳೆಯ ವಿಷಯ. ಡಿಮೆನ್ಷಿಯಾ ಇರುವವರು ಮನೆಯವರ ಮೇಲೆ ಕಳ್ಳತನದ ಮಾತಾಡುವುದು ತುಂಬಾ ಸಾಮಾನ್ಯ. ಬಳೆ ಎಲ್ಲಿಟ್ಟೆ ಅನ್ನುವುದು ಅವರಿಗೆ ನೆನಪಿಲ್ಲ, ತಾನೇ ಇಟ್ಟೆ ಅನ್ನುವುದೂ ನೆನಪಿಲ್ಲ. ಇಟ್ಟ ನೆನಪೇ ಇಲ್ಲದ ವಸ್ತು ಕಾಣದಿದ್ದರೆ ಯಾರೋ ತೆಗೆದಿರಬೇಕು, ಮನೆಯಲ್ಲಿ ಸದಾ ಕಣ್ಣಿಗೆ ಬೀಳುವವರು ನೀವು. ಅವರ ಮಟ್ಟಿಗೆ ಆ ಲೆಕ್ಕ ಸರಿ. "ನಾನು ಕದ್ದಿಲ್ಲ" ಅಂತ ವಾದ ಮಾಡಿದರೆ ಜಗಳ ಬೆಳೆಯುತ್ತದೆ, ಏಕೆಂದರೆ ವಾದ ಕೇಳಿ ಒಪ್ಪುವ ಮೆದುಳಿನ ಭಾಗಕ್ಕೇ ಪೆಟ್ಟು ಬಿದ್ದಿದೆ. "ಬನ್ನಿ ಅತ್ತೆ, ಇಬ್ಬರೂ ಸೇರಿ ಹುಡುಕೋಣ" ಅನ್ನಿ. ಹುಡುಕುತ್ತ ಹುಡುಕುತ್ತ ಅಡುಗೆಮನೆಗೆ ಕರೆದುಕೊಂಡು ಹೋಗಿ ಕೈಗೆ ಸೊಪ್ಪು ಕೊಡಿ. ಸಂಜೆ ಹೊತ್ತು ಅವರ ಗಲಿಬಿಲಿ ಹೆಚ್ಚುತ್ತಿದ್ದರೆ ಕತ್ತಲಾಗುವ ಮುಂಚೆಯೇ ಮನೆಯ ದೀಪ ಎಲ್ಲ ಹಾಕಿ, ಟಿವಿ ಸದ್ದು ಕಡಿಮೆ ಮಾಡಿ.

ಇದನ್ನು ಯಾಕೆ ಹೇಳಿದೆ ಅಂದರೆ, ಒತ್ತಡ ಎಷ್ಟಾಗುತ್ತದೆ ಅನ್ನುವುದು ಏನಾಯಿತು ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ. ಅದಕ್ಕೆ ನಾವು ಏನು ಅರ್ಥ ಕೊಟ್ಟೆವು ಅನ್ನುವುದರ ಮೇಲೂ ನಿಂತಿದೆ. ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ಇದನ್ನು ವಿವರವಾಗಿ ಬರೆದರು. "ಬೇಕಂತಲೇ ನನ್ನ ಮಾನ ಕಳೆಯುತ್ತಾರೆ" ಅಂದುಕೊಂಡರೆ ಎದೆ ಒಂದು ರೀತಿ ಬಡಿಯುತ್ತದೆ, "ಕಾಯಿಲೆ ಹೀಗೆ ಮಾತಾಡಿಸುತ್ತಿದೆ" ಅಂದುಕೊಂಡರೆ ಇನ್ನೊಂದು ರೀತಿ. ಇದು ಹೇಳಿದಷ್ಟು ಸುಲಭ ಅಲ್ಲ. ಬೀದಿಯವರು ಕೇಳಿಸಿಕೊಂಡಾಗಲಂತೂ ಇನ್ನೂ ಕಷ್ಟ. ಅಕ್ಕಪಕ್ಕದ ಎರಡು ಮನೆಗೆ ಹೋಗಿ ಅತ್ತೆಯ ಕಾಯಿಲೆಯ ಹೆಸರು ಹೇಳಿ ಬನ್ನಿ. ಮುಂದಿನ ಸಲ ಕೂಗಿದಾಗ ನಾಚಿಕೆಯ ಭಾರವಾದರೂ ಇರುವುದಿಲ್ಲ.

ಫೋಕ್‌ಮನ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಏಡ್ಸ್‌ನಿಂದ ಸಾಯುತ್ತಿದ್ದ ಸಂಗಾತಿಗಳ ಸೇವೆ ಮಾಡುತ್ತಿದ್ದವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಮೊದಮೊದಲು ಅವರನ್ನು ಕಷ್ಟದ ಬಗ್ಗೆ ಮಾತ್ರ ಕೇಳುತ್ತಿದ್ದರು. ಸೇವೆ ಮಾಡುತ್ತಿದ್ದವರೇ ತಡೆದು, ಒಳ್ಳೆಯ ಗಳಿಗೆಗಳ ಬಗ್ಗೆಯೂ ಕೇಳಿ ಅಂದರು. ಅಷ್ಟು ದುಃಖದ ನಡುವೆಯೂ ಅಂಥ ಗಳಿಗೆ ಇದ್ದವು, ಅವೇ ಅವರನ್ನು ಹಿಡಿದು ನಿಲ್ಲಿಸಿದ್ದವು. ನಿಮ್ಮನ್ನೂ ಕೇಳುತ್ತೇನೆ. ಅತ್ತೆ ಈ ವಾರ ಒಮ್ಮೆಯಾದರೂ ನಕ್ಕರಾ? ನಿಮ್ಮ ಹೆಸರು ಸರಿಯಾಗಿ ಕರೆದರಾ? ಮಲಗುವ ಮುಂಚೆ ಅದೊಂದನ್ನು ಮಗಳಿಗೆ ಹೇಳಿ.

ಮಗಳ ಮಾತು ಬಂತು. ರೇಗಿದ ಮೇಲೆ ಬಚ್ಚಲಲ್ಲಿ ಅತ್ತಿದ್ದೀರಿ, ಅದು ಅವಳಿಗೆ ಕಾಣಲಿಲ್ಲ. ಅವಳಿಗೆ ಕಂಡದ್ದು ರೇಗಿದ್ದು ಮಾತ್ರ. "ನಿನ್ನ ತಪ್ಪೇನೂ ಇರಲಿಲ್ಲ, ನನಗೆ ಸುಸ್ತಾಗಿತ್ತು" ಅಂತ ಹೋಗಿ ಹೇಳಿ. ಪಿಯುಸಿ ಮಕ್ಕಳಿಗೆ ಅವರದ್ದೇ ತಲೆಬಿಸಿ ಇರುತ್ತದೆ. ಮನೆಯ ಬಿಗಿತಕ್ಕೆ ತಾನೇ ಕಾರಣ ಅಂತ ಅವಳು ಅಂದುಕೊಳ್ಳಬಾರದು.

ಬರೆಯುವ ಅಭ್ಯಾಸ ಇದ್ದರೆ ಒಂದು ಪ್ರಯೋಗ ಮಾಡಿ. ಜೇಮ್ಸ್ ಪೆನ್ನೆಬೇಕರ್ ಎಂಬುವರು 1986ರಲ್ಲಿ ಕಾಲೇಜು ಹುಡುಗರಿಂದ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಯಾರಿಗೂ ಹೇಳದ ನೋವನ್ನು ಬರೆಸಿದರು. ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋದದ್ದು ಉಳಿದವರಿಗಿಂತ ಕಡಿಮೆ. ಅತ್ತೆಯ ಬಗ್ಗೆ, ಯಜಮಾನರ ಬಗ್ಗೆ ಹೊರಗೆ ಆಡಲಾಗದ ಮಾತು ನಿಮ್ಮಲ್ಲಿ ಇದ್ದೇ ಇರುತ್ತದೆ. ಬರೆದು ಹರಿದು ಹಾಕಿ. ಬರೆದಷ್ಟೂ ಸಂಕಟ ಹೆಚ್ಚಾದರೆ ಬಿಟ್ಟುಬಿಡಿ, ಎಲ್ಲರಿಗೂ ಒಗ್ಗುವುದಿಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಮನಸ್ಸು ಮಂಕಾಗಿಯೇ ಇದ್ದರೆ, ಇಷ್ಟವಾಗುತ್ತಿದ್ದದ್ದೂ ಬೇಡವಾದರೆ, ಊಟ ಸೇರದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸತ್ತರೆ ಸಾಕು ಅನ್ನುವ ಯೋಚನೆ ಒಮ್ಮೆ ಬಂದರೂ ತಡ ಮಾಡಬೇಡಿ, ಅದೇ ದಿನ ಯಾರಿಗಾದರೂ ಹೇಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಯಾವ ಹೊತ್ತಿಗೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಸೇವೆ ಇದು, ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಇಂಥ ಚಿಕಿತ್ಸೆಯನ್ನು ಜಿಲ್ಲೆಗಳಿಗೆ ತಲುಪಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಮಾಡಿದ್ದೇ ನಿಮ್ಮ ಕಡೆಯ ಬಳ್ಳಾರಿಯಲ್ಲಿ. ಇನ್ನು ಎದೆಯ ವಿಷಯ. ಒಮ್ಮೆ ಇಸಿಜಿ ನಾರ್ಮಲ್ ಬಂದಿದೆ ಅಂತ ಮುಂದೆ ಎಲ್ಲವನ್ನೂ ಟೆನ್ಷನ್ ಲೆಕ್ಕಕ್ಕೆ ಹಾಕಬೇಡಿ. ಎದೆ ಒತ್ತಿದ ಹಾಗಾಗಿ ಬೆವರು, ಉಸಿರು ಕಟ್ಟುವುದು, ದವಡೆಗೋ ತೋಳಿಗೋ ಹರಡುವ ನೋವು, ವಾಕರಿಕೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವ ಕಾಲವೂ ಶುರುವಾಗಿರಬಹುದು. ನಿದ್ದೆ, ಸಿಟ್ಟು ಎರಡರ ಮೇಲೂ ಅದರ ಕೈ ಇರುತ್ತದೆ, ಸ್ತ್ರೀರೋಗ ತಜ್ಞರನ್ನು ಒಮ್ಮೆ ಕೇಳಿ.

ಉಳಿದದ್ದು ಹೊರೆಯ ಪಾಲು. ಇದನ್ನು ಹೇಳುವಾಗ ನನ್ನ ಮನೆಯ ಮಾತು ಹೇಳದೆ ಇರಲಾರೆ. ನನ್ನ ತಾಯಿ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಊರಿನಲ್ಲಿ ಅಣ್ಣನ ಮನೆಯಲ್ಲಿದ್ದರು, ನೋಡಿಕೊಂಡವರು ಅತ್ತಿಗೆ. ನಾನು ಬೆಂಗಳೂರಿನಿಂದ ದಿನವೂ ಫೋನ್ ಮಾಡಿ "ಅಮ್ಮ ಹೇಗಿದ್ದಾರೆ" ಅಂತ ಕೇಳುತ್ತಿದ್ದೆ. ಅತ್ತಿಗೆ ಸುಸ್ತು ಅಂದಾಗ ಉಸಿರಾಟ ಮಾಡಿ ಅಂತ ಹೇಳಿಯೂ ಇದ್ದೆ. ಒಮ್ಮೆ ಅಣ್ಣನಿಗೆ ಆಪರೇಷನ್ ಆಗಿ ಒಂದು ವಾರ ಅಲ್ಲೇ ಇರಬೇಕಾಯಿತು. ಎರಡು ರಾತ್ರಿ ಅಮ್ಮನ ಪಕ್ಕ ಮಲಗಿದ ಮೇಲೆ ನನಗೆ ಅತ್ತಿಗೆಯ ಮುಖ ನೋಡಲು ಆಗಲಿಲ್ಲ. ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು, ನನ್ನ ಕೆಲಸವೇ ಅದು. ಆದರೆ ಯಾರೂ ನನ್ನಿಂದ ಇಂಥದ್ದು ಅಂತ ಬಿಡಿಸಿ ಕೇಳಿರಲೂ ಇಲ್ಲ. ಕೇಳಿದ್ದರೆ ಹೋಗುತ್ತಿದ್ದೆ.

ಅದಕ್ಕೇ ನಿಮ್ಮ ಮೈದುನ, ನಾದಿನಿಗೆ ಸುಮ್ನೆ "ನನಗೆ ಕಷ್ಟ ಆಗ್ತಿದೆ" ಅನ್ನಬೇಡಿ. "ಪಾಪ, ಹುಷಾರು" ಅಂತಾರೆ, ಅಲ್ಲಿಗೆ ಮುಗಿಯುತ್ತದೆ. ಮೊದಲು ಒಂದು ವಾರ, ಅತ್ತೆಗಾಗಿ ನೀವು ಮಾಡುವ ಕೆಲಸವನ್ನೆಲ್ಲ ಹೊತ್ತಿನ ಸಮೇತ ಬರೆದಿಡಿ. ರಾತ್ರಿ ಎಷ್ಟು ಸಲ ಎದ್ದಿರಿ ಅನ್ನುವುದೂ ಇರಲಿ. ಲೆಕ್ಕ ಬರೆಯುವುದು ನಿಮ್ಮ ವೃತ್ತಿ, ಇದು ಯಾರೂ ತೆಗೆದುಹಾಕಲಾಗದ ಲೆಕ್ಕ. ಆಮೇಲೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಾನುವಾರ ಇಬ್ಬರಿಗೂ ಒಟ್ಟಿಗೆ ಫೋನ್ ಮಾಡಿ. ಮಾತು ಶುರು ಮಾಡಬೇಕಾದವರು ಅವರು, ಏಕೆಂದರೆ ತಾಯಿ ಅವರದ್ದು. ನಾದಿನಿ ಎರಡು ತಿಂಗಳಿಗೊಮ್ಮೆ ಹತ್ತು ದಿನ ಬಂದು ಇರಬಹುದು. ಡಿಮೆನ್ಷಿಯಾ ಇರುವವರಿಗೆ ಜಾಗ ಬದಲಾದರೆ ಗಲಿಬಿಲಿ ಹೆಚ್ಚುತ್ತದೆ, ಅತ್ತೆಯನ್ನು ಶಿವಮೊಗ್ಗಕ್ಕೆ ಕಳಿಸುವುದಕ್ಕಿಂತ ನಾದಿನಿ ಇಲ್ಲಿಗೆ ಬರುವುದೇ ಒಳ್ಳೆಯದು. ಮೈದುನನಿಗೆ ರಜೆ ಸಿಗದಿದ್ದರೆ ರಾತ್ರಿಗೆ ಒಬ್ಬ ಸಹಾಯಕಿಯ ಸಂಬಳ ಕೊಡಲಿ, ವಾರಕ್ಕೆ ಮೂರು ರಾತ್ರಿಯಾದರೂ ಸರಿ. ಮಗಳ ಪರೀಕ್ಷೆಯ ತಿಂಗಳು ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಇರಲೇಬೇಕು ಅಂತ ಈಗಲೇ ಹೇಳಿಬಿಡಿ. ಹಿರಿಯರಿಗೆ ಸಂಬಂಧಿಸಿದ ಸೌಲಭ್ಯ, ಸೇವೆಗಳ ಮಾಹಿತಿಗೆ 14567 ಎಂಬ ಎಲ್ಡರ್‌ಲೈನ್ ಇದೆ, ಅದನ್ನು ವಿಚಾರಿಸುವ ಕೆಲಸವನ್ನೂ ಅವರಿಗೇ ವಹಿಸಿ.

ಮೊದಲು ಬರುವ ಉತ್ತರ "ನೋಡೋಣ" ಅಂತ ಇರುತ್ತದೆ. ಬೇಜಾರಾಗಬೇಡಿ, ಜೋರೂ ಮಾಡಬೇಡಿ. ಯಾವ ತಾರೀಕು ಅಂತ ಕೇಳಿ. ಹೇಳುವವರೆಗೆ ಕಾಯಿರಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಹೆಸರು ಬರೆದ ಮೇಲೆ ಫೋನ್ ಇಡಿ.